9 ತಿಂಗಳ ಪಾಪು ಜೊತೆ ಉಡುಪಿ-ಮಂಗಳೂರು ಟ್ರಿಪ್ಪು: ಹೋಟೆಲಲ್ಲಿ ಮಗುಗೆ ಎಂತ ಕೊಡ್ಬಹುದು?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ನಮ್ಮ ಪಾಪುಗೆ ಈಗ 9 ತಿಂಗಳು, ಎದೆಹಾಲು ಕುಡಿತಾಳೆ, ಜೊತೆಗೆ ರಾಗಿ ಸರಿ, ಅನ್ನ ಬೇಳೆ, ಬಾಳೆಹಣ್ಣು ತಿಂತಾಳೆ. ಡಿಸೆಂಬರಲ್ಲಿ ನಾಲ್ಕು ದಿನ ಉಡುಪಿ, ಮಲ್ಪೆ, ಮಂಗಳೂರು ಅಂತ ಮನೆಯವರೆಲ್ಲ ಕಾರಲ್ಲಿ ಹೊರಟಿದ್ದೀವಿ, ಮೂರು ಹೊತ್ತೂ ಹೋಟೆಲ್ ಊಟನೇ. ನಮ್ಮತ್ತೆ ಇಡ್ಲಿನ ಕಾಫಿಯಲ್ಲಿ ನೆನೆಸಿ ತಿನ್ಸಿದ್ರೆ ಆಯ್ತು ಅಂತಾರೆ, ನಮ್ಮನೆಯವರು ಹೊರಗಿಂದು ಒಂದು ಚೂರೂ ಬೇಡ, ಪ್ಯಾಕೆಟ್ ಸೀರಿಯಲ್ ಮಾತ್ರ ಅಂತಾರೆ. ನನಗೆ ಟ್ರಿಪ್ಪೇ ಕ್ಯಾನ್ಸಲ್ ಮಾಡ್ಬಿಡೋಣ ಅನ್ನಿಸ್ತಿದೆ. ಏನು ಕೊಡ್ಬಹುದು, ಯಾವ ಹೋಟೆಲ್ ಒಳ್ಳೇದು, ಸ್ವಲ್ಪ ಹೇಳ್ತೀರಾ?

ಉತ್ತರ:

ಕ್ಯಾನ್ಸಲ್ ಎಲ್ಲ ಮಾಡ್ಬೇಡಿ ಮಾರಾಯ್ರೆ, ಖಂಡಿತ ಬನ್ನಿ. ನಾನು ಉಡುಪಿಯಲ್ಲೇ ಮಕ್ಕಳ ಡಾಕ್ಟರ್ ಆಗಿ ಕೆಲಸ ಮಾಡುವವಳು. ಡಿಸೆಂಬರ್ ರಜೆ ಬಂತು ಅಂದ್ರೆ ಘಟ್ಟದ ಮೇಲಿಂದ ಬಂದ ಮಕ್ಕಳನ್ನ ವಾರಕ್ಕೆ ಒಂದಿಬ್ಬರನ್ನಾದ್ರೂ ನೋಡ್ತೇನೆ, ಆದ್ರೆ ನೋಡದೇ ಇರುವ ಮಕ್ಕಳೇ ಜಾಸ್ತಿ, ಅವೆಲ್ಲ ಆರಾಮಾಗಿ ಬಂದು ಬೀಚಲ್ಲಿ ಮರಳು ಆಡಿ ವಾಪಸ್ ಹೋಗಿರ್ತವೆ. ಹಾಗಾಗಿ ಮೊದಲು ಆ ಹೆದರಿಕೆ ಬಿಡಿ.

ನಾನು ಎಲ್ಲ ಅಮ್ಮಂದಿರಿಗೂ ಹೇಳುವ ಒಂದೇ ಮಾತು ಎಂತ ಅಂದ್ರೆ, ಹಸಿದ ಮಗುನ ಹೋಟೆಲಿಗೆ ಕರ್ಕೊಂಡು ಹೋಗ್ಬೇಡಿ. ಅಷ್ಟು ಮಾಡಿದ್ರೆ ಅರ್ಧ ತೊಂದ್ರೆ ಅಲ್ಲಿಗೇ ಮುಗಿತದೆ. ನೀವೇ ಯೋಚನೆ ಮಾಡಿ, ಮಧ್ಯಾಹ್ನ ಒಂದು ಗಂಟೆಗೆ ಟೇಬಲಿಗೆ ಕಾದು, ಕೂತು, ಸಪ್ಲಾಯರ್ ಬಂದು, ಆರ್ಡರ್ ಕೊಟ್ಟು, ಪ್ಲೇಟ್ ಬರುವಾಗ ಮುಕ್ಕಾಲು ಗಂಟೆ ಆಗಿರ್ತದೆ, ಅಷ್ಟೊತ್ತಿಗೆ ಮಗು ಅತ್ತು ಅತ್ತು ಕೆಂಪಾಗಿರ್ತದೆ, ಪಕ್ಕದ ಟೇಬಲಿನವರು ತಿರುಗಿ ನೋಡ್ತಾ ಇರ್ತಾರೆ, ಆಗ ಎದುರಿಗೆ ಎಂತ ಸಿಕ್ತದೋ ಅದನ್ನೇ ಬಾಯಿಗೆ ಇಡ್ತೇವೆ. ಪೂರಿ ಚೂರೋ, ಸಾಂಬಾರ್ ಅನ್ನವೋ, ಐಸ್‌ಕ್ರೀಮೋ. ಖಾರ ತಿನ್ಸಿದ್ದು, ಗಂಟಲಿಗೆ ಸಿಕ್ಕಿದ್ದು, ಎಲ್ಲ ಆಗುವುದು ಆ ಹತ್ತು ನಿಮಿಷದಲ್ಲೇ. ಅದೇ ರೂಮಲ್ಲೇ ಅರ್ಧ ಗಂಟೆ ಮೊದಲು ಅವಳ ಊಟ ಮುಗಿಸಿ, ಹಾಲು ಕುಡಿಸಿ ಹೊರಟ್ರೆ, ಹೋಟೆಲಲ್ಲಿ ಅವಳು ನಿಮ್ಮ ಮಡಿಲಲ್ಲಿ ಕೂತು ಒಂದು ಚೂರು ಇಡ್ಲಿ ಹಿಡ್ಕೊಂಡು ಫ್ಯಾನ್ ನೋಡ್ತಾ ಇರ್ತಾಳೆ. ನೀವು ಬಿಸಿ ಬಿಸಿ ತಿನ್ಬಹುದು.

ಇನ್ನೊಂದು ವಿಷಯ ನೆನಪಿಟ್ಕೊಳ್ಳಿ. 6ರಿಂದ 12 ತಿಂಗಳ ಮಗುಗೆ ಬೇಕಾದ ಶಕ್ತಿಯ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಎದೆಹಾಲಿಂದಲೇ ಸಿಗ್ತದೆ. ನಿಮ್ಮ ಪಾಪು ಹಾಲು ಕುಡಿತಾಳಲ್ಲ, ಹಾಗಾದ್ರೆ ನಾಲ್ಕು ದಿನ ಊಟ ಸ್ವಲ್ಪ ಕಮ್ಮಿ ಆದ್ರೂ ಎಂತ ಆಗುವುದಿಲ್ಲ. ಊರು ಬದಲಾದಾಗ ಮಕ್ಕಳು ಕಮ್ಮಿ ತಿನ್ನುವುದು ಮಾಮೂಲು, ಆಗ ಹಾಲಿಗೆ ಜಾಸ್ತಿ ಬರ್ತವೆ, ಕೊಡಿ. ಈ ವಯಸ್ಸಿಗೆ ಒಂದು ಹೊತ್ತಿಗೆ 250 ಎಂಎಲ್ ಬಟ್ಟಲಲ್ಲಿ ಅರ್ಧ ಬಟ್ಟಲು ಸಾಕು, ದಿನಕ್ಕೆ ಮೂರ್ನಾಲ್ಕು ಸಲ. ಅಷ್ಟಕ್ಕೆ ನಾಲ್ಕು ದಿನದ ವ್ಯವಸ್ಥೆ ಮಾಡುವುದು ಕಷ್ಟ ಇಲ್ಲ.

ಈಗ ಹೋಟೆಲ್ ವಿಷಯಕ್ಕೆ ಬರ್ತೇನೆ. ಹೋಟೆಲ್ ಹೆಸರು ಕೇಳಿದ್ದೀರಿ, ನಾನು ಹೆಸರು ಹೇಳುವುದಿಲ್ಲ, ಯಾಕಂದ್ರೆ ಮಗುಗೆ ಹೋಟೆಲ್ ಹೆಸರಿಗಿಂತ ಗಂಟೆ ಮುಖ್ಯ. ಬೆಳಿಗ್ಗೆ ಎಂಟು ಗಂಟೆಗೆ ಜನ ತುಂಬಿರುವ ಸಾಧಾರಣ ಹೋಟೆಲಲ್ಲಿ ಇಡ್ಲಿ ಪಾತ್ರೆ ಒಂದರ ಹಿಂದೆ ಒಂದು ಇಳಿತಾ ಇರ್ತದೆ, ಆಗಷ್ಟೇ ಹಬೆಯಿಂದ ಬಂದದ್ದು ನಿಮ್ಮ ಪ್ಲೇಟಿಗೆ ಬೀಳ್ತದೆ. ಅದೇ ಹನ್ನೊಂದೂವರೆಗೆ ಎಷ್ಟು ದೊಡ್ಡ ಹೋಟೆಲಿಗೆ ಹೋದ್ರೂ ಬೆಳಿಗ್ಗೆ ಉಳಿದದ್ದೇ ಬರ್ಬಹುದು. ಹಬೆಯಲ್ಲಿ ಬೆಂದು ಬಂದ ಕೂಡ್ಲೇ ತಿಂದ್ರೆ ಕ್ರಿಮಿಗಳ ಭಯ ತುಂಬಾ ಕಮ್ಮಿ, ಆರಿ ಕೂತ ಮೇಲೆ, ಅದೂ ನಮ್ಮ ಕರಾವಳಿಯ ಸೆಕೆಯಲ್ಲಿ, ಬೇಗ ಬೆಳಿತವೆ. ಹಾಗಾಗಿ ತಿಂಡಿ ಎಂಟು-ಎಂಟೂವರೆಗೆ, ಮಧ್ಯಾಹ್ನ ಹನ್ನೆರಡಕ್ಕೇ ಊಟ. ರಶ್ ಶುರುವಾಗುವ ಮೊದಲು ಹೋದ್ರೆ ಮೂಲೆ ಟೇಬಲೂ ಸಿಗ್ತದೆ, ಸಪ್ಲಾಯರಿಗೆ ನಿಮ್ಮ ಮಾತು ಕೇಳ್ಲಿಕ್ಕೆ ಟೈಮೂ ಇರ್ತದೆ.

ನಿಮ್ಮತ್ತೆ ಇಡ್ಲಿ ಅಂದದ್ದು ಸರಿ ಉಂಟು. ಉದ್ದು ಅಕ್ಕಿ ಎರಡೂ ಸೇರಿದ್ದು, ಹುದುಗಿದ್ದು, ಹಬೆಯಲ್ಲಿ ಬೆಂದದ್ದು, ಇಷ್ಟು ಮೆತ್ತಗಿನ ತಿಂಡಿ ಇಲ್ಲಿ ಯಾವ ಹೋಟೆಲಿಗೆ ಹೋದ್ರೂ ಸುಲಭಕ್ಕೆ ಸಿಗ್ತದೆ. ಕಾಫಿ ಮಾತ್ರ ಬೇಡ. ಕಾಫಿ ಟೀಯಲ್ಲಿ ಇರುವ ಅಂಶ ಊಟದಲ್ಲಿರುವ ಕಬ್ಬಿಣ ಮೈಗೆ ಹಿಡಿಯದ ಹಾಗೆ ಮಾಡ್ತದೆ, 9 ತಿಂಗಳ ಮಗುಗೆ ಕಬ್ಬಿಣ ತುಂಬಾ ಬೇಕು, ಹುಟ್ಟುವಾಗ ಮೈಯಲ್ಲಿ ತಂದದ್ದು ಆರು ತಿಂಗಳ ಆಸುಪಾಸಿಗೆ ಖಾಲಿಯಾಗ್ತಾ ಬಂದಿರ್ತದೆ. ಮತ್ತೆ ಸಕ್ಕರೆ, ಕೆಫೀನ್ ಎರಡೂ ಈ ವಯಸ್ಸಿಗೆ ಬೇಡವೇ ಬೇಡ. ಅತ್ತೆಗೆ ಹೀಗೆ ಹೇಳಿ ನೋಡಿ, "ಅತ್ತೆ, ಇಡ್ಲಿ ನೀವೇ ತಿನ್ಸಿ, ಕಾಫಿ ಬದ್ಲು ಬಿಸಿನೀರಲ್ಲಿ ನೆನೆಸೋಣ" ಅಂತ. ತಿನ್ಸುವ ಕೆಲಸ ಅವರ ಕೈಯಲ್ಲೇ ಇದ್ರೆ ಕಾಫಿ ವಿಷಯಕ್ಕೆ ಅವರು ಜಗಳ ಮಾಡ್ಲಿಕ್ಕಿಲ್ಲ.

ನಾನು ಹೇಗೆ ಕೊಡ್ತಿದ್ದೆ ಅಂದ್ರೆ, ಪ್ಲೇಟಿಗೆ ಬಂದ ಇಡ್ಲಿಯನ್ನ ಚಟ್ನಿ ಸಾಂಬಾರ್ ತಾಗುವ ಮೊದಲು ತೆಗೆದು ಮನೆಯಿಂದ ತಂದ ಬಟ್ಟಲಿಗೆ ಹಾಕ್ತಿದ್ದೆ, ಮಧ್ಯ ಮುರಿದು ಹಬೆ ಹೋಗ್ಲಿಕ್ಕೆ ಬಿಡ್ಬೇಕು, ಹೊರಗೆ ತಣ್ಣಗಾದ್ರೂ ಒಳಗೆ ಸುಡ್ತಾ ಇರ್ತದೆ. ಆಮೇಲೆ ಒಳಗಿನ ತಿರುಳನ್ನ ಬೆರಳಲ್ಲಿ ಉದುರಿಸಿ ಫ್ಲಾಸ್ಕಿನ ಬಿಸಿನೀರು ಎರಡು ಚಮಚ, ಒಂದು ಚೂರು ತುಪ್ಪ ಹಾಕಿ ಕಿವುಚಿದ್ರೆ ಚಮಚದಿಂದ ಜಾರದಷ್ಟು ದಪ್ಪಗೆ ಬರ್ತದೆ, ಅಷ್ಟು ದಪ್ಪ ಇರ್ಲೇಬೇಕು, ನೀರಾಗಿದ್ರೆ ಹೊಟ್ಟೆ ತುಂಬ್ತದೆ, ಶಕ್ತಿ ಸಿಗುವುದಿಲ್ಲ. ಉಳಿದ ಅರ್ಧವನ್ನ ಉದ್ದುದ್ದಕ್ಕೆ ಮುರಿದು ಅವಳ ಕೈಗೆ ಕೊಡಿ, ಮೆತ್ತಿಕೊಳ್ಳಲಿ, ಕಲಿಯುವುದು ಹಾಗೇ.

ಚಟ್ನಿ ಬೇಡ ಅಂದದ್ದು ಬರೀ ಖಾರಕ್ಕಲ್ಲ. ಹಸಿ ತೆಂಗಿನಕಾಯಿ, ಬೇಯಿಸದ ನೀರು, ಅದು ಬಕೆಟಲ್ಲಿ ಗಂಟೆಗಟ್ಟಲೆ ಹೊರಗೇ ಇರ್ತದೆ, ಬೇಗ ಹಳಸ್ತದೆ, ದೊಡ್ಡವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಉಡುಪಿ ಸಾಂಬಾರ್ ಸಿಹಿ ಇರ್ತದೆ ಅಂತ ಕೆಲವರು ಧೈರ್ಯ ಮಾಡಿ ಕೊಡ್ತಾರೆ, ಆ ಸಿಹಿ ಬೆಲ್ಲದ್ದು, ಜೊತೆಗೆ ಖಾರ ಉಪ್ಪು ಹುಳಿ ಎಲ್ಲ ಉಂಟು. ಒಂದು ವರ್ಷದ ಒಳಗಿನ ಮಕ್ಕಳಿಗೆ ಇಡೀ ದಿನಕ್ಕೆ 1 ಗ್ರಾಂಗಿಂತ ಕಮ್ಮಿ ಉಪ್ಪು ಸಾಕು, ಇಡ್ಲಿಯಲ್ಲಿರುವ ಉಪ್ಪೇ ಅದಕ್ಕೆ ಜಮಾ ಆಗಿರ್ತದೆ.

ಇಡ್ಲಿ ಬೇಜಾರಾದ್ರೆ ಮೂಡೆ ಅಥವಾ ಕೊಟ್ಟೆ ಕಡುಬು ಸಿಗ್ತದಾ ಕೇಳಿ. ಅದೇ ಉದ್ದು-ಅಕ್ಕಿ ಹಿಟ್ಟು, ಮೂಡೆ ಮುಂಡೇವಿನ ಎಲೆಯಲ್ಲಿ, ಕೊಟ್ಟೆ ಹಲಸಿನೆಲೆಯಲ್ಲಿ ಬೆಂದದ್ದು. ಎಲೆ ಬಿಡಿಸುವಾಗ ಬರುವ ಪರಿಮಳಕ್ಕೇ ನಮ್ಮ ಕಡೆ ಮಕ್ಕಳು ಬಾಯಿ ತೆರಿತವೆ. ಎಲೆಗೆ ಚುಚ್ಚಿದ ಕಡ್ಡಿ ಮಾತ್ರ ನೋಡಿ ತೆಗಿರಿ. ನೀರ್ ದೋಸೆ ಮೆತ್ತಗೆ ಕಾಣ್ತದೆ, ಆದ್ರೆ ಮಡಚಿದ ದೋಸೆ ಬಾಯಲ್ಲಿ ಅಂಟಿ ಉಂಡೆ ಆಗ್ತದೆ, ಒಂದೇ ಪದರ ಬಿಡಿಸಿ ಸಣ್ಣ ಸಣ್ಣ ಚೂರು ಮಾಡಿ ಕೊಡ್ಬೇಕು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ ಊಟ ಸಿಗುವ ಹೋಟೆಲ್ ನಮ್ಮಲ್ಲಿ ಬೇಕಾದಷ್ಟು ಉಂಟು. ಕುಚ್ಚಲಕ್ಕಿ ಅಂದ್ರೆ ಭತ್ತವನ್ನ ಬೇಯಿಸಿ ಒಣಗಿಸಿ ಅಕ್ಕಿ ಮಾಡಿದ್ದು, ಹಾಗೆ ಮಾಡುವಾಗ ಸಿಪ್ಪೆಯಲ್ಲಿರುವ ಬಿ ವಿಟಮಿನ್ ಕಾಳಿನೊಳಗೆ ಇಳಿತದೆ, ಬೆಳ್ತಿಗೆ, ಅಂದ್ರೆ ಮಾಮೂಲಿ ಬಿಳಿ ಅಕ್ಕಿಗಿಂತ ಅದಕ್ಕೇ ಒಳ್ಳೇದು. ತೆಳಿ ಕುಡಿಸ್ಬೇಡಿ, ತೆಳಿ ಬಸಿದು ಕೆಳಗಿನ ಅನ್ನ ತೆಗೆದು ಚೆನ್ನಾಗಿ ಹಿಚುಕಿ ತೊವ್ವೆ, ತುಪ್ಪ ಹಾಕಿ. ತೊವ್ವೆ ಕೇಳುವಾಗ "ಅಣ್ಣ, ಮಗುಗೆ, ಒಗ್ಗರಣೆ ಹಾಕುವ ಮೊದಲಿನದ್ದು ಸ್ವಲ್ಪ ಸಿಗ್ತದಾ" ಅಂತ ಕೇಳಿ. ಹೆಚ್ಚಿನವರು ಒಳಗೆ ಹೋಗಿ ತಂದು ಕೊಡ್ತಾರೆ, ಮಗು ಅಂದ್ರೆ ನಮ್ಮ ಹೋಟೆಲಿನವರಿಗೆ ಪ್ರೀತಿ ಉಂಟು, ಕೇಳ್ಲಿಕ್ಕೆ ನಾಚಿಕೆ ಮಾಡ್ಬೇಡಿ. ನೇಂದ್ರ ಬಾಳೆಹಣ್ಣು ಸಿಕ್ರೆ ಬೇಯಿಸಿ ಹಿಚುಕಿ ಕೊಡಿ, ಇಲ್ಲಿಯ ಮಕ್ಕಳು ಬೆಳೆಯುವುದೇ ಅದರಲ್ಲಿ.

ಬನ್ಸ್, ಗೋಳಿಬಜೆ ನಿಮಗೆ. ಬನ್ಸಲ್ಲಿ ಬಾಳೆಹಣ್ಣು ಉಂಟಲ್ಲ ಅಂತ ತುಂಬಾ ಜನ ಕೇಳ್ತಾರೆ, ಬಾಳೆಹಣ್ಣಿನ ಜೊತೆ ಮೈದಾ ಸಕ್ಕರೆ ಎಣ್ಣೆಯೂ ಉಂಟು. ಗೋಳಿಬಜೆಯೊಳಗೆ ಹಸಿಮೆಣಸು, ಕಾಯಿ ಚೂರು ಅಡಗಿ ಕೂತಿರ್ತದೆ. ಗಡ್‌ಬಡ್ ಐಸ್‌ಕ್ರೀಂ ನೋಡಿ ಅವಳು ಕೈ ಚಾಚ್ತಾಳೆ, ಅದರಲ್ಲಿ ಗೋಡಂಬಿ ದ್ರಾಕ್ಷಿ ಎಲ್ಲ ಇರ್ತದೆ, ಬೇಡ.

ಗಂಟಲಿಗೆ ಸಿಕ್ಕುವ ವಿಷಯ ಇಲ್ಲೇ ಹೇಳ್ತೇನೆ. ಉಪ್ಪಿಟ್ಟಿನ ಗೋಡಂಬಿ, ಚಿತ್ರಾನ್ನ ಅವಲಕ್ಕಿಯ ನೆಲಗಡಲೆ, ಒಗ್ಗರಣೆಯ ಕಡಲೆಬೇಳೆ, ಪೊಂಗಲ್‌ನ ಇಡೀ ಕಾಳುಮೆಣಸು, ಪಾಯಸದ ದ್ರಾಕ್ಷಿ, ಇವೆಲ್ಲ ಮಗುವಿನ ಶ್ವಾಸನಾಳ ಮುಚ್ಚಲಿಕ್ಕೆ ಸರಿಯಾದ ಸೈಜಿನವು. ಮಗು ಕೆಮ್ಮುತ್ತಾ, ಅಳ್ತಾ ಇದ್ರೆ ಕೆಮ್ಮಲಿಕ್ಕೆ ಬಿಡಿ, ಬಾಯಿಗೆ ಬೆರಳು ಹಾಕಿ ಹುಡುಕ್ಬೇಡಿ, ಇನ್ನೂ ಒಳಗೆ ಹೋಗ್ತದೆ. ಶಬ್ದವೇ ಬರದೆ ಮುಖ ಬಣ್ಣ ಬದಲಾದ್ರೆ ಒಂದು ಸೆಕೆಂಡೂ ಕಾಯದೆ ಮಗುನ ನಿಮ್ಮ ಮುಂಗೈ ಮೇಲೆ ಕವುಚಿ ಹಾಕಿ, ತಲೆ ಎದೆಗಿಂತ ಕೆಳಗಿರ್ಬೇಕು, ಬೆನ್ನಲ್ಲಿ ಎರಡು ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಹೊಡಿರಿ. ಬರ್ಲಿಲ್ಲ ಅಂದ್ರೆ ಅಂಗಾತ ತಿರುಗಿಸಿ ಎದೆ ನಡುವಿನ ಎಲುಬಿನ ಮೇಲೆ 5 ಸಲ ಒತ್ತಿ. ಬರುವ ತನಕ ಹೀಗೇ ಒಂದಾದ ಮೇಲೆ ಒಂದು, ಇನ್ನೊಬ್ರು 108ಕ್ಕೆ ಫೋನ್ ಮಾಡ್ಬೇಕು. ಹೊರಡುವ ಮೊದಲು ನೀವು, ನಿಮ್ಮನೆಯವರು, ಅತ್ತೆ ಮೂರೂ ಜನ ಒಂದು ಬೊಂಬೆ ಇಟ್ಕೊಂಡು ಒಂದ್ಸಲ ಮಾಡಿ ನೋಡಿ.

ಇದಕ್ಕಿಂತಲೂ ನನಗೆ ಹೋಟೆಲಲ್ಲಿ ಜಾಸ್ತಿ ಹೆದರಿಕೆ ಆಗುವುದು ಬಿಸಿ ಕಾಫಿ ಲೋಟದ್ದು. ನನ್ನ ಮಗಳಿಗೆ ಆಗ 10 ತಿಂಗಳು, ಮಂಗಳೂರಲ್ಲಿ ಒಂದು ಹೋಟೆಲಲ್ಲಿ ಕೂತಿದ್ದೆವು, ಕಾಫಿ ಬಂತು, ನಾನು ಬ್ಯಾಗಲ್ಲಿ ಅವಳ ಚಮಚ ಹುಡುಕ್ತಾ ಇದ್ದೆ, ಮಡಿಲಲ್ಲೇ ಇದ್ದವಳು ಕೈ ಹಾಕಿದ್ದು ನನಗೆ ಕಾಣಲೇ ಇಲ್ಲ, ಲೋಟ ಬಿದ್ದ ಶಬ್ದಕ್ಕೆ ತಿರುಗಿದಾಗ ಎಡಗೈ ಮಣಿಕಟ್ಟಿನಿಂದ ಮೊಣಕೈ ತನಕ ಕಾಫಿ ಇಳಿತಾ ಇತ್ತು. ಕೈ ತೊಳೆಯುವ ನಲ್ಲಿ ಹತ್ರ ಓಡಿದೆ. ಒಬ್ರು ಟೂತ್‌ಪೇಸ್ಟ್ ತನ್ನಿ ಅಂದ್ರು, ಇನ್ನೊಬ್ರು ಐಸ್ ತಂದೇ ಬಿಟ್ರು, ಎರಡೂ ಬೇಡ ಅಂತ ಹೇಳಿ 20 ನಿಮಿಷ ನಲ್ಲಿ ನೀರಲ್ಲೇ ಕೈ ಹಿಡ್ಕೊಂಡು ನಿಂತೆ, ಅವಳು ಕಿರುಚ್ತಾ ಇದ್ಳು, ನನ್ನ ಕಣ್ಣಲ್ಲೂ ನೀರು. ಗುಳ್ಳೆ ಬಂತು, ಎರಡು ವಾರಕ್ಕೆ ವಾಸಿ ಆಯ್ತು, ಕಲೆ ಉಳಿಲಿಲ್ಲ. ಆ 20 ನಿಮಿಷದ ತಣ್ಣೀರು ಇಲ್ದಿದ್ರೆ ಸುಟ್ಟದ್ದು ಇನ್ನೂ ಆಳಕ್ಕೆ ಹೋಗ್ತಿತ್ತು. ಮಕ್ಕಳ ಚರ್ಮ ತೆಳು, ನಮಗೆ ಬರೀ ಬಿಸಿ ಅನ್ನಿಸುವುದು ಅವರಿಗೆ ಸುಡ್ತದೆ. ಹಾಗಾಗಿ ಪಾಪು ಯಾರ ಮಡಿಲಲ್ಲಿ ಇದ್ದಾಳೋ ಅವರ ಎದುರು ಬಿಸಿಯದ್ದು ಎಂತದೂ ಇರ್ಬಾರದು, ಸಪ್ಲಾಯರಿಗೆ ಮೊದಲೇ ಹೇಳಿ, ಲೋಟ ಟೇಬಲಿನ ಆಚೆ ಬದಿಗೆ ಇಡ್ಲಿಕ್ಕೆ. ಒಬ್ರು ತಿನ್ನುವಾಗ ಒಬ್ರು ಮಗುನ ಹಿಡ್ಕೊಳ್ಳಿ. ಹೊಸ ಫ್ಯಾಮಿಲಿ ಹೋಟೆಲ್‌ಗಳಲ್ಲಿ ಎತ್ತರದ ಬೇಬಿ ಚೇರ್ ಇರ್ತದೆ, ಬೆಲ್ಟ್ ಇಲ್ದಿದ್ರೆ ಅದರಲ್ಲಿ ಕೂರಿಸ್ಬೇಡಿ.

ಕೃಷ್ಣ ಮಠದ ಊಟಕ್ಕೂ ಇದೇ ಮಾತು. ಅನ್ನಬ್ರಹ್ಮನ ಊರಿಗೆ ಬಂದು ಪ್ರಸಾದ ಉಣ್ಣದೆ ಹೋಗ್ಬೇಡಿ, ಆದ್ರೆ ನೆಲದ ಪಂಕ್ತಿಯಲ್ಲಿ ಕೂತಾಗ ಬಿಸಿ ಸಾರಿನ ಬಕೆಟ್ ಸರಿಯಾಗಿ ಮಗುವಿನ ತಲೆ ಮಟ್ಟಕ್ಕೆ ಬರ್ತದೆ, ಬಡಿಸುವವರು ಓಡ್ತಾ ಇರ್ತಾರೆ. ಎರಡು ಪಾಳಿ ಮಾಡ್ಕೊಳ್ಳಿ, ಮೊದಲು ನೀವು ಅತ್ತೆ, ಆಮೇಲೆ ನಿಮ್ಮನೆಯವರು. ಮತ್ತೆ ಒಂದು ವಿಷಯ, ದೇವಸ್ಥಾನಕ್ಕೆ ಎಲ್ಲಿ ಹೋದ್ರೂ ಪಂಚಾಮೃತ ಮಗುವಿನ ನಾಲಿಗೆಗೆ ಮುಟ್ಟಿಸ್ಬೇಡಿ. ಅದರಲ್ಲಿ ಜೇನು ಉಂಟು. ಜೇನಲ್ಲಿ ಕೆಲವೊಮ್ಮೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರ್ತದೆ, ಕುದಿಸಿದ್ರೂ ಸಾಯುವುದಿಲ್ಲ, ನಮ್ಮ ಕರುಳಲ್ಲಿ ಅದು ಬೆಳೆಯುವುದಿಲ್ಲ, ವರ್ಷದೊಳಗಿನ ಮಗುವಿನ ಕರುಳಲ್ಲಿ ಬೆಳೆದು ನರಗಳಿಗೆ ತೊಂದ್ರೆ ಮಾಡ್ಬಹುದು. ಅಪರೂಪಕ್ಕೆ ಆಗುವಂಥದ್ದು, ಆದ್ರೆ ಆದ್ರೆ ಉಸಿರಾಟಕ್ಕೇ ಕುತ್ತು. ಅವಳ ಪಾಲಿನ ತೀರ್ಥ ನೀವೇ ತಗೊಂಡು ಹಣೆಗೆ ಗಂಧ ಹಚ್ಚಿ, ದೇವರು ಬೇಜಾರು ಮಾಡುವುದಿಲ್ಲ.

ನಿಮ್ಮನೆಯವರ ಪ್ಯಾಕೆಟ್ ಸೀರಿಯಲ್‌ಗೂ ನಾನು ವಿರೋಧ ಇಲ್ಲ, ಪ್ರಯಾಣದಲ್ಲಿ ಒಂದು ಹೊತ್ತಿಗೆ ಅನುಕೂಲ, ಸಕ್ಕರೆ ಹಾಕದ್ದು ನೋಡಿ ತಗೊಳ್ಳಿ. ಅದಕ್ಕಿಂತ ಚೆಂದ, ತೆಳು ಅವಲಕ್ಕಿ ಮತ್ತೆ ಹೆಸರುಬೇಳೆ ಎರಡನ್ನೂ ಮನೆಯಲ್ಲಿ ಚೆನ್ನಾಗಿ ಹುರಿದು ನುಣ್ಣಗೆ ಪುಡಿ ಮಾಡಿ ಡಬ್ಬಿಗೆ ತುಂಬಿ, ಒಂದು ಸಣ್ಣ ಎಲೆಕ್ಟ್ರಿಕ್ ಕೆಟಲ್ ತನ್ನಿ, ರೂಮಲ್ಲಿ ಮೂರ್ನಾಲ್ಕು ನಿಮಿಷ ಕುದಿಸಿದ್ರೆ ಅವಳ ಊಟ ರೆಡಿ. ನಿಮ್ಮ ರಾಗಿ ಹಿಟ್ಟೂ ತನ್ನಿ, ನಿಮ್ಮ ರಾಗಿ ಸರಿಗೆ ನಾವು ಮಣ್ಣಿ ಅಂತೇವೆ. ಹೊಸ ರುಚಿ ಯಾವುದೂ ಟ್ರಿಪ್ಪಲ್ಲಿ ಶುರು ಮಾಡ್ಬೇಡಿ, ಅದರಲ್ಲೂ ಮೀನು. ಮಂಗಳೂರಲ್ಲಿ ಮೀನು ಹೋಟೆಲಿಗೆ ಹೋಗುವವರಾದ್ರೆ, ಪಾಪು ಮನೆಯಲ್ಲಿ ಮೀನು ತಿಂದು ಅಭ್ಯಾಸ ಇದ್ರೆ ಮಾತ್ರ, ಮಸಾಲೆ ತಾಗದ ಒಳಗಿನ ತಿರುಳು, ಬೆರಳಲ್ಲಿ ಎರಡೆರಡು ಸಲ ಉಜ್ಜಿ ಮುಳ್ಳು ನೋಡಿ ಕೊಡಿ. ಬೂತಾಯಿ, ಬಂಗುಡೆ ಸತ್ವ ಇರುವ ಮೀನುಗಳೇ, ಆದ್ರೆ ಬೂತಾಯಿಯ ಮುಳ್ಳು ಕೂದಲಿನ ಹಾಗೆ, ಹೋಟೆಲ್ ಬೆಳಕಲ್ಲಿ ಕಾಣುವುದಿಲ್ಲ. ಸಿಗಡಿ, ಮರುವಾಯಿ (ಚಿಪ್ಪಿನ ಮೀನು) ಮೊದಲ ಸಲ ಕೊಟ್ಟು ಮೈಮೇಲೆ ಅಲರ್ಜಿಯ ದದ್ದು ಎದ್ರೆ ಪರವೂರಲ್ಲಿ ಒದ್ದಾಟ.

ನೀರು ಕುದಿಸಿ ಆರಿಸಿದ್ದೇ ಆಗ್ಬೇಕು, ಹೋಟೆಲಿನ ಜಗ್ಗಿನದ್ದು ಬೇಡ, ಜ್ಯೂಸಿನ ಐಸಂತೂ ಬೇಡವೇ ಬೇಡ. ಅವಳ ಬಟ್ಟಲು ಚಮಚ ನಿಮ್ಮದೇ ಇರ್ಲಿ, ತಿನ್ಸುವವರು ಸೋಪು ಹಾಕಿ ಕೈ ತೊಳೆದುಕೊಳ್ಳಿ. ಡಿಸೆಂಬರಲ್ಲೂ ಇಲ್ಲಿ ಮಧ್ಯಾಹ್ನ ಸೆಕೆ ಇರ್ತದೆ, ದಾವಣಗೆರೆಯ ಒಣ ಹವೆಯಿಂದ ಬಂದ ಮಗು ಬೆವರ್ತದೆ, ಹಾಲು ಜಾಸ್ತಿ ಸಲ ಕೊಡಿ. ಹೋಟೆಲಲ್ಲಿ ಹಾಲು ಕೊಡ್ಲಿಕ್ಕೆ ಮುಜುಗರ ಆದ್ರೆ ಫ್ಯಾಮಿಲಿ ರೂಮ್ ಕೇಳಿ, ಗೋಡೆ ಕಡೆ ಮುಖ ಮಾಡಿ ಕೂತು ಶಾಲು ಹೊದ್ದು ಕೊಡಿ. ಟಾಯ್ಲೆಟ್ ಒಳಗೆ ಹೋಗಿ ಕೊಡ್ಬೇಡಿ, ಅಲ್ಲಿ ಕೂತು ನೀವು ಊಟ ಮಾಡ್ತೀರಾ, ಹಾಗೆ ಅವಳಿಗೂ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾದ್ರೆ ಬೋಟ್ ಹತ್ತುವ ಮೊದಲೇ ಊಟ ಹಾಲು ಮುಗಿಸಿ, ಅಲ್ಲಿ ಬಂಡೆ ಜಾಸ್ತಿ ನೆರಳು ಕಮ್ಮಿ, ಮಗುಗೆ ಬೆಳಗಿನ ಹೊತ್ತೇ ಒಳ್ಳೇದು.

ಬ್ಯಾಗಲ್ಲಿ ಓಆರ್‌ಎಸ್ ಪುಡಿಯ ಎರಡು ಪ್ಯಾಕೆಟ್ ಇಟ್ಕೊಳ್ಳಿ, 1 ಲೀಟರ್ ನೀರಿಗೆ ಹಾಕುವ, ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರೆದದ್ದು, ಟೆಟ್ರಾ ಪ್ಯಾಕಿನ ಸಿಹಿ ಜ್ಯೂಸ್ ಅಲ್ಲ. ಭೇದಿ ಆದ್ರೆ ಪ್ರತಿ ಸಲ ಹೋದ ಮೇಲೆ 50ರಿಂದ 100 ಎಂಎಲ್, ಚಮಚ ಚಮಚವಾಗಿ, ಎದೆಹಾಲು ನಿಲ್ಲಿಸ್ಲೇಬೇಡಿ. ಕುಡಿದದ್ದೆಲ್ಲ ವಾಂತಿ ಆಗ್ತಾ ಇದ್ರೆ, ಮಲದಲ್ಲಿ ರಕ್ತ ಕಂಡ್ರೆ, ಆರು ಗಂಟೆ ಹೊತ್ತು ಮೂತ್ರವೇ ಮಾಡದಿದ್ರೆ, ಕಣ್ಣು ಒಳಗೆ ಹೋಗಿ ಮಂಕಾಗಿ ಬಿದ್ದಿದ್ರೆ ರಾತ್ರಿ ಎಷ್ಟೊತ್ತಾದ್ರೂ ಆಸ್ಪತ್ರೆಗೆ ಬನ್ನಿ. ಉಡುಪಿ, ಮಣಿಪಾಲ, ಮಂಗಳೂರು ಮೂರೂ ಕಡೆ ಮಕ್ಕಳ ಡಾಕ್ಟರ್ ಸಿಗ್ತಾರೆ.

ನೀವು ಕಾರಲ್ಲಿ ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಬರುವವರಾದ್ರೆ, ತೀರ್ಥಹಳ್ಳಿಯಲ್ಲಿ ಕಾರು ನಿಲ್ಲಿಸಿ ತಿನ್ಸಿ, ಅಲ್ಲಿಂದ ಘಾಟಿ ತಿರುವು ಶುರುವಾಗ್ಲಿಕ್ಕೆ ಮುಕ್ಕಾಲು ಗಂಟೆಯಾದ್ರೂ ಬೇಕು, ಅಷ್ಟೊತ್ತಿಗೆ ಹೊಟ್ಟೆ ಸ್ವಲ್ಪ ಹಗುರ ಆಗಿರ್ತದೆ. ಓಡುವ ಕಾರಲ್ಲಿ ಚಮಚದಿಂದ ತಿನ್ಸ್ಲಿಕ್ಕೆ ಹೋಗ್ಬೇಡಿ, ತಿರುವಲ್ಲಿ ಗಂಟಲಿಗೆ ಸಿಕ್ರೆ ಗೊತ್ತಾಗುವುದೇ ತಡ. ಹಸಿದು ಅತ್ರೆ ಎಲ್ಲಾದ್ರೂ ಬದಿಗೆ ಹಾಕಿ ಹಾಲು ಕೊಟ್ಟು ಹೊರಡಿ, ಹತ್ತು ನಿಮಿಷ ತಡ ಆದ್ರೆ ಆಗ್ಲಿ.